ಟ್ಯಾಬ್ ಪಕ್ಕದಲ್ಲಿ ಅಜ್ಜಿಯೂ ಇರಲಿ

ಹನುಮಂತನಗರದಿಂದ ಅಜ್ಜಿಯೊಬ್ಬರು ಬರೆದಿದ್ದಾರೆ: "ಮೊಮ್ಮಗನಿಗೆ ನಾಲ್ಕು ವರ್ಷ. ಎರಡು ಭಾಷೆ ಒಟ್ಟಿಗೆ ಕಲಿಸಿದರೆ ಮಿದುಳಿಗೆ ಗೊಂದಲ ಅಂತ ಶಾಲೆಯವರು ಹೇಳಿದ ಮೇಲೆ ಮನೆಯಲ್ಲಿ ಬರೀ ಇಂಗ್ಲಿಷು. ಕನ್ನಡಕ್ಕೆ ಅಂತ ಟ್ಯಾಬ್‌ನಲ್ಲಿ ಒಂದು ಆ್ಯಪ್ ಹಾಕಿಕೊಟ್ಟಿದ್ದಾರೆ. ನಾನು ಮಾತಾಡಿಸಿದರೆ ಸೊಸೆಗೆ ಕಸಿವಿಸಿ. ಸುಮ್ಮನಿದ್ದುಬಿಡಲೇ?"

ಬೇಡಮ್ಮ, ಸುಮ್ಮನಿರಬೇಡಿ.

ಗೊಂದಲದ ಮಾತು ಬಹಳ ಹಳೆಯದು. 1962ರಲ್ಲೇ ಕೆನಡಾದ ಮಾಂಟ್ರಿಯಲ್‌ನಲ್ಲಿ ಮನೋವಿಜ್ಞಾನಿಗಳಾದ ಪೀಲ್ ಮತ್ತು ಲ್ಯಾಂಬರ್ಟ್ ಹತ್ತು ವರ್ಷದ ಮಕ್ಕಳ ಬುದ್ಧಿಶಕ್ತಿ ಪರೀಕ್ಷಿಸಿದಾಗ ಫ್ರೆಂಚ್, ಇಂಗ್ಲಿಷ್ ಎರಡೂ ಬಲ್ಲವರೇ ಮುಂದಿದ್ದರು. ಎರಡು ಭಾಷೆ ಬಲ್ಲವರು ಒಂದನ್ನು ಆಡುವಾಗಲೂ ಮಿದುಳಿನಲ್ಲಿ ಇನ್ನೊಂದು ಎಚ್ಚರವಾಗಿಯೇ ಇರುತ್ತದೆ. ಬೇಕಾದ ಪದವನ್ನು ಆರಿಸುವ, ಬೇಡದ್ದನ್ನು ತಡೆಯುವ ಕೆಲಸ ದಿನವಿಡೀ ನಡೆಯುತ್ತದೆ. ಇದರಿಂದ ಏಕಾಗ್ರತೆ ಹೆಚ್ಚುತ್ತದೆಯೇ ಎಂಬುದರಲ್ಲಿ ವಿಜ್ಞಾನಿಗಳಿಗೆ ಒಮ್ಮತವಿಲ್ಲ, ಆ ಆಸೆ ನಾನು ಹುಟ್ಟಿಸುವುದಿಲ್ಲ. ಆದರೆ ಈಗ ನಮ್ಮ ನಿಮ್ಹಾನ್ಸ್‌ನಲ್ಲಿರುವ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನ 648 ಮರೆವಿನ ರೋಗಿಗಳ ವಿವರ ನೋಡಿ 2013ರಲ್ಲಿ ಪ್ರಕಟಿಸಿದ್ದನ್ನು ನಾನು ಮರೆಯಲಾರೆ. ಒಂದಕ್ಕಿಂತ ಹೆಚ್ಚು ಭಾಷೆ ಆಡುವವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು. ಓದು ಬರಹ ಬಾರದವರಲ್ಲೂ ಹಾಗೇ.

ಇನ್ನು ಆ್ಯಪ್. 2003ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕೂಲ್ ಒಂಬತ್ತು ತಿಂಗಳ ಕೂಸುಗಳಿಗೆ ಚೀನೀ ಮ್ಯಾಂಡರಿನ್ ಕೇಳಿಸಿದರು. ಎದುರಿಗೆ ಕೂತು ಆಟಿಕೆ ತೋರಿಸುತ್ತ ಮಾತಾಡಿದವರಿಂದ ಹನ್ನೆರಡೇ ಸಲಕ್ಕೆ ಕೂಸುಗಳು ಆ ಭಾಷೆಯ ಧ್ವನಿಗಳನ್ನು ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು ಟಿವಿ ಪರದೆಯಲ್ಲಿ ಬಂದಾಗ ಏನೂ ಕಲಿಯಲಿಲ್ಲ. ಹಾಗಂತ ಪರದೆಯೇ ಪಾಪಿ ಅಲ್ಲ. ಮುಂದೆ ಎರಡು ವರ್ಷ ದಾಟಿದ ಮಕ್ಕಳು ವಿಡಿಯೋ ಕಾಲ್‌ನಿಂದ ಹೊಸ ಪದ ಕಲಿತದ್ದೂ ಕಂಡುಬಂತು. ಆ ಕಡೆಯವರು ಮಗುವಿನ ಮಾತಿಗೆ ಆಗಲೇ ಓಗೊಡುತ್ತಾರಲ್ಲ, ಅದೇ ವ್ಯತ್ಯಾಸ.

ನಮ್ಮ ಪಕ್ಕದ ಮನೆಯ ಹುಡುಗ ಒಮ್ಮೆ "ನಾವು ಹಲ್ಲಿಗೆ ಹೋಗ್ತೀವಿ" ಅಂದ. ಅವನಜ್ಜಿ ನಗಲಿಲ್ಲ. ಟ್ಯೂಬ್‌ಲೈಟ್ ಹತ್ತಿರ ಗೋಡೆ ತೋರಿಸಿ "ಅದು ಹಲ್ಲಿ" ಅಂದರು. ಆಮೇಲೆ ಬಾಯಿ ತೆರೆದು, ನಾಲಿಗೆ ಮೇಲಕ್ಕೆ ಮಡಚಿ ತೋರಿಸಿ "ಹಳ್ಳಿ" ಅಂದರು. ಹುಡುಗ ಅವರ ಬಾಯನ್ನೇ ನೋಡುತ್ತ ಮೂರು ಸಲ ತಪ್ಪಿ, ನಾಲ್ಕನೇ ಸಲ ಸರಿಯಾಗಿ ಹೇಳಿದ. ಎಲ್ಲಿ ತಪ್ಪಿತು ಎಂದು ನೋಡಿ, ಅಲ್ಲೇ ನಿಂತು, ಮತ್ತೆ ಹೇಳಿಕೊಡುವ ಆ ತಾಳ್ಮೆ ನಿಮ್ಮಲ್ಲಿದೆ.

ಟ್ಯಾಬ್ ಕಿತ್ತುಕೊಳ್ಳಬೇಡಿ. ಈ ವಯಸ್ಸಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಇನ್ನೂ ಕಡಿಮೆಯಾದರೆ ಒಳ್ಳೆಯದು. ಅಷ್ಟು ಹೊತ್ತೂ ಪಕ್ಕದಲ್ಲಿ ಕೂತಿರಿ. ಆ್ಯಪ್ ಬದನೆಕಾಯಿ ತೋರಿಸಿದಾಗ ನಿಲ್ಲಿಸಿ, ಅಡುಗೆಮನೆಯಿಂದ ಒಂದು ತಂದು ಅವನ ಕೈಗೆ ಕೊಡಿ, ತೊಟ್ಟಿನ ಮುಳ್ಳು ಮುಟ್ಟಿ ನೋಡಲಿ. ಸೊಸೆಗೆ ಈ ಪುಟ ಓದಲು ಕೊಡಿ. ಅವರು ಇಂಗ್ಲಿಷಿನಲ್ಲೇ ಮಾತಾಡಲಿ, ನೀವು ಕನ್ನಡದಲ್ಲಿ ಮಾತಾಡಿ.