ದಾವಣಗೆರೆಯ ಹಳೆಯ ಸಾಮಾನಿನ ಅಂಗಡಿಯಲ್ಲಿ ಸಿಕ್ಕ ವಾಕ್‌ಮನ್ (ಕೈಯಲ್ಲಿ ಒಯ್ಯಬಹುದಾದ ಕ್ಯಾಸೆಟ್ ಪ್ಲೇಯರ್) ಕಾಲದ ಹೆಡ್‌ಫೋನ್ ಎಲ್ಲಿಯದೆಂದು ಗುರುತಿಸುವುದು ಹೇಗೆ?

ಹೊರಗೆ ಕಾಣುವ ಕಂಪನಿಯ ಹೆಸರೊಂದನ್ನೇ ನಂಬದೆ, ತಲೆಪಟ್ಟಿಯ ಒಳಬದಿಯಲ್ಲಿ ಅಥವಾ ಸ್ಪಂಜು ತೆಗೆದಾಗ ಕಾಣುವ ಪ್ಲಾಸ್ಟಿಕ್ಕಿನ ಮೇಲೆ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನೂ ದೇಶದ ಹೆಸರನ್ನೂ ಮೊದಲು ಓದಬೇಕು. ಏಕೆಂದರೆ ಅನೇಕ ಕಂಪನಿಗಳು ಬೇರೆಯವರ ಕಾರ್ಖಾನೆಯಲ್ಲಿ ತಯಾರಾದ ಹೆಡ್‌ಫೋನಿಗೆ ತಮ್ಮ ಹೆಸರು ಹಾಕಿಸಿ ಮಾರುತ್ತಿದ್ದವು. ಆದರೆ ಅಮೆರಿಕದಂಥ ದೇಶಗಳ ಆಮದು ಕಾನೂನಿನಂತೆ ತಯಾರಾದ ದೇಶವನ್ನು ನಮೂದಿಸಬೇಕಾಗಿತ್ತು. ಆ ಅಚ್ಚು ಕೆಲವೊಮ್ಮೆ ಕಾಲವನ್ನೂ ಹೇಳುತ್ತದೆ: ‘ಪಶ್ಚಿಮ ಜರ್ಮನಿ’ ಎಂದಿದ್ದರೆ ಅದು ಬಹುಮಟ್ಟಿಗೆ 1990ರ ಏಕೀಕರಣಕ್ಕೆ ಮುಂಚಿನದು. 1979ರ ಮೊದಲ ವಾಕ್‌ಮನ್ ಜೊತೆ ಸೋನಿ ಕೊಟ್ಟದ್ದು ಎಂಡಿಆರ್-3ಎಲ್2 ಎಂಬ ಮಾದರಿಯ ಹೆಡ್‌ಫೋನ್. ಅದರ ಕಿತ್ತಳೆ ಬಣ್ಣದ ಸ್ಪಂಜು ಪ್ರಸಿದ್ಧ. ಆದರೆ ಸ್ಪಂಜು ವರ್ಷಗಳು ಕಳೆದಂತೆ ಪುಡಿಯಾಗುವುದರಿಂದ ಬದಲಾಗಿರುವ ಸಾಧ್ಯತೆಯೇ ಹೆಚ್ಚು. ದಯವಿಟ್ಟು ಬಣ್ಣವೊಂದನ್ನೇ ನೋಡಿ ಬೆಲೆ ಕಟ್ಟಬೇಡಿ. ತಂತಿ, ಪಿನ್ನುಗಳೂ ರಿಪೇರಿಯಲ್ಲಿ ಬದಲಾಗಿರಬಹುದು.