ಮಾಹಿತಿ ಪುಸ್ತಕವನ್ನು ಮೊದಲ ಪುಟದಿಂದಲೇ ಓದಬೇಕಾ?

ಪ್ರಶ್ನೆ: ನಮ್ಮದು ಕಾಫಿ ತೋಟಗಳ ನಡುವಿನ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದರವರೆಗೆ 26 ಮಕ್ಕಳು, ಇಬ್ಬರು ಶಿಕ್ಷಕರು. ದಾನಿಗಳೊಬ್ಬರು ಪ್ರಾಣಿ, ನೀರು, ದೇಹ, ಗ್ರಹ ಅಂತ ಒಂದಷ್ಟು ಚಿತ್ರಪುಸ್ತಕ ಕೊಟ್ಟಿದ್ದಾರೆ. ಎಲ್ಲವೂ ಒಂದೊಂದೇ ಪ್ರತಿ. ಕಥೆ ಓದಿದರೆ ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಇವನ್ನು ಓದಿದರೆ ನಾಲ್ಕನೇ ಪುಟಕ್ಕೇ ಗಲಾಟೆ. ಗುಂಪಿನಲ್ಲಿ ಓದಿಸುವುದು ಹೇಗೆ?
– ಶಿಕ್ಷಕಿ, ಸೋಮವಾರಪೇಟೆ ತಾಲ್ಲೂಕು

ಉತ್ತರ: ಟೀಚರ್, ಗಲಾಟೆ ಶುರುವಾದರೆ ಪುಸ್ತಕ ಮುಚ್ಚಬೇಡಿ, ಪುಟ ಬದಲಾಯಿಸಿ. ಕಥೆಯನ್ನು ನಡುವಿನಿಂದ ಓದಿದರೆ ಕೆಟ್ಟುಹೋಗುತ್ತದೆ. ಮಾಹಿತಿ ಪುಸ್ತಕಕ್ಕೆ ಆ ಕಟ್ಟುಪಾಡೇ ಇಲ್ಲ. ಮೆಣಸಿನ ಬಳ್ಳಿಗೆ ಬಂದ ರೋಗ ಏನು ಅಂತ ನೋಡಬೇಕಾದರೆ ನಾವು ಮುನ್ನುಡಿಯಿಂದ ಓದುತ್ತಾ ಕೂರುತ್ತೇವಾ? ಪರಿವಿಡಿ ನೋಡಿ, ಬೇಕಾದ ಪುಟ ತೆಗೆದು, ಚಿತ್ರದ ಮೇಲೆ ಕಣ್ಣಾಡಿಸಿ, ಆಮೇಲೆ ಓದುತ್ತೇವೆ. ಮಕ್ಕಳಿಗೂ ಅದೇ ರೂಢಿಯಾಗಲಿ.

ಹಾಗಾಗಿ ಮೊದಲು ಪ್ರಶ್ನೆ, ಆಮೇಲೆ ಪುಟ. ಆನೆಯ ಪುಸ್ತಕ ಅಂತ ಇಟ್ಟುಕೊಳ್ಳಿ. ಮುಖಪುಟ ತೋರಿಸಿ, ನಿಮಗೆ ಏನೇನು ಗೊತ್ತು, ಏನು ತಿಳಿಯಬೇಕು ಅಂತ ಕೇಳಿ. ಹೇಳಿದ್ದನ್ನೆಲ್ಲ ಬೋರ್ಡ್ ಮೇಲೆ ಬರೆಯಿರಿ, ಪ್ರಶ್ನೆಯ ಪಕ್ಕ ಕೇಳಿದ ಮಗುವಿನ ಹೆಸರೂ ಇರಲಿ. (ಡೋನಾ ಓಗಲ್ ಎಂಬ ಅಮೆರಿಕದ ಶಿಕ್ಷಣ ತಜ್ಞೆ 1986ರಲ್ಲೇ ಈ ಕ್ರಮವನ್ನು ಬರೆದಿಟ್ಟಿದ್ದಾರೆ, ನಾನು ಕಂಡುಹಿಡಿದದ್ದಲ್ಲ.) ‘ಮರಿ ಎಷ್ಟು ತಿಂಗಳು ಹೊಟ್ಟೆಯಲ್ಲಿರುತ್ತದೆ’ ಅಂತ ಒಬ್ಬ ಕೇಳಿದರೆ ಆ ಪುಟವನ್ನೇ ತೆಗೆಯಿರಿ. ಸುಮಾರು 22 ತಿಂಗಳು ಅಂತ ಓದಿದಾಗ ತಂಗಿ, ತಮ್ಮ ಹುಟ್ಟಿದ ಮನೆಯ ಮಕ್ಕಳು ಸುಮ್ಮನೆ ಕೂರುವುದಿಲ್ಲ. ಆ ಗಲಾಟೆ ಇರಲಿ ಬಿಡಿ, ಅದು ಒಳ್ಳೆಯ ಗಲಾಟೆ. ಒಂದು ದಿನಕ್ಕೆ ಎರಡು ಪ್ರಶ್ನೆ ಸಾಕು, ಇಡೀ ಪುಸ್ತಕ ಮುಗಿಸುವ ಹಟ ಬೇಡ.

ಇನ್ನು ಒಂದೇ ಪ್ರತಿ, 26 ಮಕ್ಕಳು. ಎಲ್ಲರನ್ನೂ ಕೂರಿಸಿ ಒಂದು ಜೋಡಿ ಪುಟ ಮಾತ್ರ ನೀವು ಓದಿ. ಆಮೇಲೆ ಐದಾರು ಮಕ್ಕಳ ಗುಂಪು ಮಾಡಿ, ಒಂದೊಂದು ಗುಂಪಿಗೆ ಒಂದೊಂದು ಬೇರೆ ಪುಸ್ತಕ, ಒಂದು ಪ್ರಶ್ನೆ ಕೊಡಿ. ತರಗತಿ ಬೆರೆಸಿಯೇ ಕೂರಿಸಿ. ಸರ್ಕಾರಿ ಶಾಲೆಗಳ ನಲಿಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೆಯವರು ಒಟ್ಟಿಗೆ ಕೂತು ಅಭ್ಯಾಸ ಇದ್ದೇ ಇರುತ್ತದೆ. ಐದನೆಯವಳು ಓದಲಿ, ಮೂರನೆಯವನು ಚಿತ್ರದ ಕೆಳಗಿನ ಸಾಲು ಓದಲಿ, ಒಂದನೆಯದು ಚಿತ್ರದಲ್ಲಿ ಬೆರಳಿಟ್ಟು ತೋರಿಸಲಿ. ಇಂಥ ಪುಸ್ತಕದಲ್ಲಿ ಅರ್ಧ ವಿಷಯ ಚಿತ್ರದಲ್ಲೇ ಇರುವುದರಿಂದ ಅಕ್ಷರ ಬಾರದ ಮಗುವಿಗೂ ಹೇಳಲು ಏನಾದರೂ ಸಿಗುತ್ತದೆ. ಮನೆಯಲ್ಲಿ ಅರೆಭಾಷೆಯೋ, ಕೊಡವ ತಕ್ಕೋ, ಯರವರ ಮಾತೋ, ಮಲಯಾಳವೋ ಆಡುವ ಮಕ್ಕಳು ಗುಂಪಿನೊಳಗೆ ಅದರಲ್ಲೇ ಮಾತಾಡಿಕೊಳ್ಳಲಿ. ಕೊನೆಗೆ ಪ್ರತಿ ಗುಂಪು ಒಂದು ಹೊಸ ವಿಷಯ, ಒಂದು ಅನುಮಾನ ಹೇಳಬೇಕು. ನನ್ನನ್ನು ಕೇಳಿದರೆ ಅನುಮಾನಕ್ಕೇ ಬೆಲೆ ಜಾಸ್ತಿ.

ಯಾಕೆಂದರೆ ಪುಸ್ತಕವನ್ನೂ ಪರೀಕ್ಷಿಸುವುದು ಮಕ್ಕಳಿಗೆ ಬರಬೇಕು. ಎಷ್ಟೋ ಪುಸ್ತಕಗಳಲ್ಲಿ ಇರುವುದು ಆಫ್ರಿಕಾದ ಆನೆಯ ಚಿತ್ರ. ದುಬಾರೆಯಲ್ಲಿ ಆನೆ ನೋಡಿದ ಮಗು ‘ಕಿವಿ ಯಾಕೆ ಇಷ್ಟು ದೊಡ್ಡದು, ಹೆಣ್ಣಾನೆಗೂ ದಂತ ಯಾಕೆ’ ಅಂತ ಕೇಳಿಯೇ ಕೇಳುತ್ತದೆ. ಪುಸ್ತಕ ತಪ್ಪಲ್ಲ. ನಮ್ಮ ಹೆಣ್ಣಾನೆಗೆ ಹೊರಗೆ ಚಾಚಿದ ದಂತ ಇರುವುದಿಲ್ಲ, ಅಲ್ಲಿಯದಕ್ಕೆ ಸಾಮಾನ್ಯವಾಗಿ ಇರುತ್ತದೆ. ಇದನ್ನು ನೀವೇ ಹೇಳಿಬಿಡಬೇಡಿ, ಪುಟ ತಿರುವಿ ಅವರೇ ಹುಡುಕಲಿ. ಒಂದು ಮಾತು, ಆನೆಯ ವಿಷಯ ತೆಗೆಯುವಾಗ ಸ್ವಲ್ಪ ಜಾಗ್ರತೆ. ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಆನೆಯಿಂದ ಪೆಟ್ಟು ತಿಂದ ಕುಟುಂಬ ಇರಬಹುದು, ಮೊದಲೇ ವಿಚಾರಿಸಿಕೊಳ್ಳಿ.

ಕಾಲ ನೋಡಿ ಪುಸ್ತಕ ತೆಗೆಯಿರಿ. ಹೂಮಳೆ ಬಿದ್ದು ಕಾಫಿ ಹೂ ಅರಳಿದಾಗ ಜೇನಿನ ಪುಸ್ತಕ. ರೊಬಸ್ಟಾ ಕಾಯಿ ಕಟ್ಟಲು ಬೇರೆ ಗಿಡದ ಪರಾಗ ಬೇಕು, ಅರೇಬಿಕಾಗೆ ತನ್ನದೇ ಸಾಕು. ಇಷ್ಟು ಗೊತ್ತಾದರೆ ‘ಗಾಳಿ ತರುತ್ತದಾ, ಜೇನು ತರುತ್ತದಾ’ ಅಂತ ವಾದ ಶುರುವಾಗುತ್ತದೆ. ಜುಲೈನಲ್ಲಿ ಜಿಗಣೆ. ಕಚ್ಚಿದ ಮೇಲೆ ರಕ್ತ ಯಾಕೆ ಬೇಗ ನಿಲ್ಲುವುದಿಲ್ಲ ಅಂತ ಕೇಳದ ಮಗು ಕೊಡಗಿನಲ್ಲಿ ಇರಲಿಕ್ಕಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ಅಂಶ ಇದೆ ಅಂತ ಪುಸ್ತಕದಲ್ಲಿ ಸಿಕ್ಕ ದಿನ ಅದು ಮನೆ ಮನೆಗೂ ಸುದ್ದಿ. ಗ್ರಹಗಳ ಪುಸ್ತಕ ಮಾತ್ರ ಕೊನೆಗೆ ಇಟ್ಟುಕೊಳ್ಳಿ, ಎದುರಿಗೆ ಇಟ್ಟು ನೋಡಲು ಆಗದ ವಿಷಯ ಕಷ್ಟ.

ಈ ಪುಸ್ತಕಗಳ ಅಭ್ಯಾಸ ಇಲ್ಲದಿರುವುದು ನಿಮ್ಮ ಮಕ್ಕಳಿಗೆ ಮಾತ್ರ ಅಲ್ಲ. ನೆಲ್ ಡ್ಯೂಕ್ ಎಂಬ ಸಂಶೋಧಕಿ ಅಮೆರಿಕದ 20 ಒಂದನೇ ತರಗತಿಗಳನ್ನು ಗಮನಿಸಿ 2000ರಲ್ಲಿ ಬರೆದ ಪ್ರಕಾರ, ಮಾಹಿತಿ ಬರಹಕ್ಕೆ ಸಿಕ್ಕಿದ್ದು ದಿನಕ್ಕೆ ಸರಾಸರಿ 3.6 ನಿಮಿಷ.

ಪ್ರಶ್ನೆ: ಮಗಳು ಮೂರನೇ ತರಗತಿ. ಶಾಲೆಯಲ್ಲಿ ಕಥೆ ಬಿಟ್ಟು ಕಪ್ಪೆ, ಎರೆಹುಳ ಅಂತ ಓದಿಸುತ್ತಾರೆ. ನೀತಿ ಕಲಿಯುವುದು ಯಾವಾಗ?
– ಓದುಗರು, ವಿರಾಜಪೇಟೆ

ಉತ್ತರ: ಕಥೆ ಪೂರ್ತಿ ಬಿಟ್ಟಿದ್ದರೆ ತಪ್ಪು, ಟೀಚರ್ ಹತ್ತಿರ ಮಾತಾಡಿ. ಆದರೆ ನಾಲ್ಕನೇ ತರಗತಿಯಿಂದ ಪಾಠಪುಸ್ತಕವೆಲ್ಲ ಹೆಚ್ಚುಕಡಿಮೆ ಇದೇ ಥರದ ಬರಹ, ಚಿತ್ರ, ಪಟ್ಟಿ, ನಕ್ಷೆ. ಈಗಲೇ ರೂಢಿಯಾದರೆ ಒಳ್ಳೆಯದಲ್ವಾ? ರಾತ್ರಿ ಮಲಗುವಾಗ ಕಥೆ ನೀವೇ ಹೇಳಿ, ಅದಕ್ಕೆ ಶಾಲೆಯನ್ನು ಯಾಕೆ ಕಾಯಬೇಕು?

ಪ್ರಶ್ನೆ: ಕನ್ನಡದಲ್ಲಿ ಇಂಥ ಪುಸ್ತಕ ಕಡಿಮೆ ದುಡ್ಡಿಗೆ ಎಲ್ಲಿ ಸಿಗುತ್ತದೆ?
– ಶಿಕ್ಷಕ, ಕುಶಾಲನಗರ

ಉತ್ತರ: ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣ 2015ರಿಂದ ಇದೆ. ಕನ್ನಡ ಪುಸ್ತಕಗಳನ್ನು ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು, ಓದುವ ಹಂತವನ್ನೂ ಸೂಚಿಸಿರುತ್ತಾರೆ. ನ್ಯಾಷನಲ್ ಬುಕ್ ಟ್ರಸ್ಟ್‌ನ ಮಕ್ಕಳ ಪುಸ್ತಕಗಳೂ ಅಗ್ಗ. ಅದಕ್ಕೂ ಮೊದಲು ನಿಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಒಮ್ಮೆ ಹೋಗಿ ಬನ್ನಿ. 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಡುತ್ತಾರೆ. ಪ್ರಿಂಟ್ ತೆಗೆಸುವುದಾದರೆ ಹಕ್ಕಿ, ಚಿಟ್ಟೆಯ ಪುಸ್ತಕಗಳನ್ನು ಬಣ್ಣದಲ್ಲೇ ತೆಗೆಸಿ, ಕಪ್ಪು ಬಿಳುಪಿನಲ್ಲಿ ದಂಡ. ಲ್ಯಾಮಿನೇಷನ್ ಮಾಡಿಸುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಆಗಸ್ಟ್ ಹೊತ್ತಿಗೆ ಬೂಷ್ಟು ಹಿಡಿದಿರುತ್ತದೆ.