ಕ್ಲಾಸಲ್ಲಿ ಓದ್ಸೋಕೆ ಕನ್ನಡ ಕಥೆ ಪುಸ್ತಕ ನೆಟ್ಟಲ್ಲಿ ಎಲ್ಲಿ ಸಿಗುತ್ತೆ?

ಮೇಡಂ, ಮದ್ದೂರು ಕಡೆ ಹಳ್ಳಿ ಸ್ಕೂಲಿಗೆ ಅತಿಥಿ ಶಿಕ್ಷಕಿಯಾಗಿ ಸೇರಿದೀನಿ, 3 ಮತ್ತೆ 4ನೇ ಕ್ಲಾಸು, ಪಠ್ಯಪುಸ್ತಕ ಬಿಟ್ರೆ ಓದ್ಸೋಕೆ ಏನೂ ಇಲ್ಲ, ಕನ್ನಡ ಕಥೆ ಪುಸ್ತಕ ಫ್ರೀಯಾಗಿ ನೆಟ್ಟಲ್ಲಿ ಸಿಗುತ್ತಾ ಅಂತ ಕೇಳಿದೀರ. ಸಿಗುತ್ತೆ, ಚೆನ್ನಾಗಿರೋವೇ ಸಿಗುತ್ತೆ. ನಾನೂ ಮಂಡ್ಯ ತಾಲೂಕಲ್ಲಿ ಸರ್ಕಾರಿ ಶಾಲೆ ಟೀಚರ್ರೇ, ನಲಿಕಲಿ (ಕಾರ್ಡ್, ಆಟ, ಹಾಡಿನ ಮೂಲಕ ಕಲಿಸೋ ಪದ್ಧತಿ) ಕ್ಲಾಸ್ ತಗೋತೀನಿ, ಹಾಗಾಗಿ ನಾನು ಬಳಸಿ ನೋಡಿರೋದನ್ನ ಮಾತ್ರ ಹೇಳ್ತೀನಿ.

ಮೊದ್ಲು ಸ್ಟೋರಿವೀವರ್ ಅನ್ನೋ ವೆಬ್‌ಸೈಟ್ ಓಪನ್ ಮಾಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನೋರು 2015ರಲ್ಲಿ ಶುರು ಮಾಡಿದ್ದು, ಭಾಷೆ ಕನ್ನಡ ಅಂತ ಸೆಲೆಕ್ಟ್ ಮಾಡ್ಕೊಂಡ್ರೆ ಒಳ್ಳೊಳ್ಳೆ ಚಿತ್ರ ಇರೋ ಕಥೆಗಳು ರಾಶಿ ಬರ್ತವೆ, ಪಿಡಿಎಫ್ ಇಳಿಸ್ಕೋಬೋದು, ಒಂದು ರೂಪಾಯಿನೂ ಕೇಳಲ್ಲ. ಪುಸ್ತಕಗಳನ್ನ ಲೆವೆಲ್ ಪ್ರಕಾರ ಜೋಡಿಸಿರ್ತಾರೆ, 1ನೇ ಲೆವೆಲ್ ಅಂದ್ರೆ 250 ಪದದ ಒಳಗೆ, 2 ಅಂದ್ರೆ 600ರವರೆಗೆ, 3 ಅಂದ್ರೆ 1500ರವರೆಗೆ, ಅದಕ್ಕಿಂತ ಉದ್ದ ಇರೋವು 4ಕ್ಕೆ.

ಆದ್ರೆ ಆ ಲೆವೆಲ್ ನಂಬರ್ ನೋಡ್ಕೊಂಡು ಸೀದಾ ಮಕ್ಕಳ ಕೈಗೆ ಕೊಡ್ಬೇಡಿ, ಇದೊಂದು ಮಾತು ದಯವಿಟ್ಟು ನೆನಪಿಟ್ಕೊಳಿ. ಲೆವೆಲ್ ಹಾಕೋದು ಪದ ಎಷ್ಟಿದೆ, ವಾಕ್ಯ ಎಷ್ಟುದ್ದ ಅನ್ನೋದ್ರ ಮೇಲೆ. ನಮ್ಮ ಮಕ್ಕಳು ನಿಂತೋಗೋದು ಒತ್ತಕ್ಷರದ ಹತ್ರ. ಬೇರೆ ಭಾಷೆಯಿಂದ ಅನುವಾದ ಆಗಿರೋ ಕಥೆಲಿ 1ನೇ ಲೆವೆಲ್ ಪುಸ್ತಕದ ಮೊದಲ್ನೇ ಪುಟದಲ್ಲೇ ಪ್ರಯತ್ನ, ಆಶ್ಚರ್ಯ, ಸ್ಪಷ್ಟ ಇವೆಲ್ಲಾ ಒಟ್ಗೆ ಬಂದ್ಬಿಡ್ತವೆ, ಮಗು ಅಲ್ಲೇ ಪುಸ್ತಕ ಮುಚ್ಚಿಡುತ್ತೆ, ಅದಕ್ಕೆ ಓದೋ ಆಸಕ್ತಿನೇ ಇಲ್ಲ ಅಂತ ನಮಗೆ ಅನ್ಸುತ್ತೆ. ಅಕ್ಕ, ಅಮ್ಮ, ಬೆಟ್ಟ ಥರ ಅದೇ ಅಕ್ಷರಕ್ಕೆ ಅದೇ ಒತ್ತು ಬರೋದನ್ನ ಬೇಗ ಹಿಡೀತವೆ, ಪುಸ್ತಕ, ಚಂದ್ರ ಥರದ್ದಕ್ಕೆ ಇನ್ನೊಂದಷ್ಟು ದಿನ ಬೇಕು, ಎಲ್ಲಕ್ಕಿಂತ ಕಷ್ಟ ಅರ್ಕಾವತ್ತು. ನಮ್ಮ ಮೂರನೇ ಕ್ಲಾಸಿನ ಹುಡುಗಿಯೊಬ್ಳು 'ಅರ್ಧ ರೊಟ್ಟಿ' ಅನ್ನೋದನ್ನ ಬೆರಳಿಟ್ಕೊಂಡು 'ಅಧ್ರ ರೊಟ್ಟಿ' ಅಂತ ಓದಿದ್ಲು. ಅವಳ ಲೆಕ್ಕ ಸರಿನೇ ಅಲ್ವಾ, ಬರೆಯೋವಾಗ ಆ ಅರ್ಕಾವತ್ತು ಧ ಆದ್ಮೇಲೆ ಇದೆ, ಉಚ್ಚಾರ ಮಾಡೋವಾಗ ಮಾತ್ರ ಧಕ್ಕಿಂತ ಮುಂಚೆ ಬರುತ್ತೆ. ಅದಕ್ಕೆ ನಾನು ಪುಸ್ತಕ ಇಳಿಸ್ಕೊಂಡ ತಕ್ಷಣ ಒಂದ್ಸಲ ಜೋರಾಗಿ ಓದಿ ಮೂರು ಫೋಲ್ಡರ್ ಮಾಡಿ ಹಾಕ್ತೀನಿ, ಒತ್ತಕ್ಷರ ಕಮ್ಮಿ ಇರೋವು, ಸಜಾತೀಯ ಒತ್ತಕ್ಷರ (ಅಕ್ಕ, ಅಮ್ಮ ಥರದ್ದು) ಇರೋವು, ಎಲ್ಲಾ ಥರ ಇರೋವು. ಮೂರನೇ ಫೋಲ್ಡರಿನವನ್ನ ಮೊದಮೊದ್ಲು ನೀವೇ ಓದಿ ಹೇಳಿ, ಮಕ್ಕಳು ಚಿತ್ರ ನೋಡ್ಕೊಂಡು ಕೇಳಲಿ.

ಇನ್ನೂ ಒಂದು ಒಳ್ಳೆ ವಿಷ್ಯ ಏನಂದ್ರೆ ಅಲ್ಲಿರೋ ಕಥೆಗಳು ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿವೆ, ಅಂದ್ರೆ ಪ್ರಿಂಟ್ ಹಾಕ್ಸೋದಷ್ಟೇ ಅಲ್ಲ, ಲಾಗಿನ್ ಆಗಿ ಕಥೆನ ಬೇರೆ ಲೆವೆಲ್ಲಿಗೆ ಬದಲಾಯಿಸಿ ಬರೀಬೋದು, ಚಿತ್ರ ಹಂಗೇ ಇರುತ್ತೆ, ಮಾತು ಮಾತ್ರ ನಿಮ್ದು. 'ಸೂರ್ಯೋದಯವಾಗುತ್ತಿದ್ದಂತೆಯೇ ಪಕ್ಷಿಗಳು ಚಿಲಿಪಿಲಿಗುಟ್ಟಲು ಪ್ರಾರಂಭಿಸಿದವು' ಅನ್ನೋ ಥರದ ಸಾಲು ಬಂದ್ರೆ 'ಬೆಳಗಾಯಿತು. ಹಕ್ಕಿ ಕೂಗಿತು' ಅಂತ ಮಾಡ್ಕೊಳಿ, ಮಗುಗೂ ಓದೋಕಾಗುತ್ತೆ, ಕಥೆಗೂ ಏನೂ ಆಗಲ್ಲ. ಇದು ನಮ್ಮಂಥೋರು ಮಾಡ್ಬೇಕಾದ ಕೆಲ್ಸ ಅಂತ ನಾನು ನಿಜವಾಗ್ಲೂ ನಂಬಿದೀನಿ, ಯಾಕಂದ್ರೆ ನಮ್ಮ ಮಕ್ಕಳು ಎಲ್ಲಿ ತಡವರಿಸ್ತಾರೆ ಅಂತ ದಿನಾ ಎದುರುಗಡೆ ಕೂತು ನೋಡೋರು ನಾವೇ. ನಲಿಕಲಿ ಶುರುವಾಗಿದ್ದೂ ಪಕ್ಕದ ಮೈಸೂರು ಜಿಲ್ಲೆ ಎಚ್.ಡಿ. ಕೋಟೆಲಿ, 1995ರಲ್ಲಿ, ಅಲ್ಲಿನ ಟೀಚರ್‌ಗಳು ತಾವೇ ಕೂತು ಕಾರ್ಡ್ ಮಾಡ್ಕೊಂಡು ಕಲಿಸಿದ್ರು, ಆಮೇಲೆ ಇಡೀ ರಾಜ್ಯಕ್ಕೆ ಬಂತು. ಬರೆದೋರು, ಚಿತ್ರ ಮಾಡಿದೋರು, ಅನುವಾದ ಮಾಡಿದೋರ ಹೆಸರಿರೋ ಕೊನೆ ಪುಟ ಮಾತ್ರ ಬಿಡಬಾರ್ದು, ಲೈಸೆನ್ಸಿನ ಷರತ್ತೇ ಅದು. ನಾನಂತೂ ಕಥೆ ಶುರು ಮಾಡೋಕೆ ಮುಂಚೆ ಆ ಹೆಸರುಗಳನ್ನ ಮಕ್ಕಳ ಹತ್ರನೇ ಓದಿಸ್ತೀನಿ, ಪುಸ್ತಕ ಅನ್ನೋದು ಯಾರೋ ಮನುಷ್ಯರು ಕೂತು ಮಾಡೋದು ಅಂತ ಗೊತ್ತಾಗ್ಲಿ ಅಂತ.

ಬೇರೆ ಸೈಟ್‌ಗಳೂ ಇವೆ. ಅರವಿಂದ್ ಗುಪ್ತಾ ಅವ್ರ ಸೈಟಲ್ಲಿ ಕಸದಿಂದ ವಿಜ್ಞಾನದ ಆಟಿಕೆ ಮಾಡೋ ವಿಡಿಯೋ, ಪುಸ್ತಕ ತುಂಬಾ ಇವೆ, ಕನ್ನಡದ್ದೂ ಸಿಗುತ್ತೆ, 4ನೇ ಕ್ಲಾಸಿಗೆ ಓದಿ ಮಾಡಿ ನೋಡೋಕೆ ಚೆನ್ನಾಗಿರುತ್ತೆ. ಮೈಸೂರಿನ ಮಾನಸಗಂಗೋತ್ರಿಲಿರೋ ಭಾರತೀಯ ಭಾಷಾ ಸಂಸ್ಥೆಯೋರ ಭಾರತವಾಣಿ ನಿಘಂಟಿಗೆ ಒಳ್ಳೇದು, ಅದು ಟೀಚರ್‌ಗೆ ಉಪಯೋಗ, ಸಣ್ಣ ಮಕ್ಕಳ ಕಥೆಗೆ ಅಂತ ಅಲ್ಲಿಗೆ ಹೋಗ್ಬೇಡಿ. ಸರ್ಕಾರದ ದೀಕ್ಷಾ ಆ್ಯಪ್ ಹೆಂಗೂ ಗೊತ್ತಿರುತ್ತೆ, ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದ್ರೆ ಪಾಠಕ್ಕೆ ಸಂಬಂಧಪಟ್ಟಿದ್ದು ಬರುತ್ತೆ.

ಗೂಗಲ್ಲಲ್ಲಿ ಮಕ್ಕಳ ಕಥೆ ಪಿಡಿಎಫ್ ಅಂತ ಹುಡುಕಿದ್ರೆ, ಟೆಲಿಗ್ರಾಂ ಗ್ರೂಪಲ್ಲಿ ಕೇಳಿದ್ರೆ, ಈಗಿನ ಲೇಖಕರ ಪುಸ್ತಕಗಳನ್ನೇ ಸ್ಕ್ಯಾನ್ ಮಾಡಿ ಹಾಕಿರ್ತಾರೆ. ಅವನ್ನ ಮುಟ್ಬೇಡಿ ಅಂತ ಕೈಮುಗಿದು ಕೇಳ್ಕೋತೀನಿ. ಕನ್ನಡದಲ್ಲಿ ಮಕ್ಕಳಿಗೆ ಅಂತ ಬರೆಯೋರೇ ಕಮ್ಮಿ, ಅವ್ರ ಪುಸ್ತಕನೂ ಹಿಂಗೆ ಹಂಚ್ಕೊಂಡ್ರೆ ಮುಂದಿನ ಪುಸ್ತಕ ಯಾರು ಅಚ್ಚು ಹಾಕ್ತಾರೆ ಹೇಳಿ. ನಮ್ಮಲ್ಲಿ ಲೇಖಕರು ತೀರ್ಕೊಂಡ್ಮೇಲೆ 60 ವರ್ಷ ಕಾಪಿರೈಟ್ ಇರುತ್ತೆ. ಪಂಜೆ ಮಂಗೇಶರಾಯರು ಹೋಗಿದ್ದು 1937ರಲ್ಲಿ, ಅವ್ರ ಪದ್ಯ ಧೈರ್ಯವಾಗಿ ಪ್ರಿಂಟ್ ಹಾಕ್ಸಿ ಹಂಚ್ಬೋದು. ಜಿ.ಪಿ. ರಾಜರತ್ನಂ ಹೋಗಿದ್ದು 1979ರಲ್ಲಿ, ಅವ್ರ ಪದ್ಯ ಕ್ಲಾಸಲ್ಲಿ ಹಾಡ್ಸಿ, ಕುಣಿಸಿ, ಪುಸ್ತಕ ಬೇಕಂದ್ರೆ ಅಂಗಡಿಲಿ ಕೊಂಡ್ಕೊಳಿ.

ಇನ್ನು ಕ್ಲಾಸಲ್ಲಿ ಹೆಂಗೆ ಬಳಸೋದು. ಪೋಷಕರ ವಾಟ್ಸಾಪ್ ಗ್ರೂಪಿಗೆ ಲಿಂಕ್ ಕಳಿಸಿದ್ರೆ ಕೆಲ್ಸ ಆಗಲ್ಲ ಮೇಡಂ, ಫೋನು ಅಪ್ಪನ ಜೊತೆ ಗದ್ದೆಗೋ ಗಾರ್ಮೆಂಟ್ಸಿಗೆ ಹೋಗೋ ಅಮ್ಮನ ಜೊತೆಗೋ ಹೋಗಿರುತ್ತೆ, ಸಂಜೆ ಕೈಗೆ ಬಂದ್ರೂ ಮಗು ಆ ಲಿಂಕ್ ಬಿಟ್ಟು ಇನ್ನೇನೋ ನೋಡುತ್ತೆ. ಪ್ರಿಂಟ್ ಹಾಕ್ಸಿ. ಪೂರ್ತಿ ಪುಟ ಗಾಢ ಬಣ್ಣ ಇರೋ ಪುಸ್ತಕ ಕಪ್ಪುಬಿಳುಪಲ್ಲಿ ಜೆರಾಕ್ಸ್ ಮಾಡ್ಸಿದ್ರೆ ಅಕ್ಷರನೇ ಕಾಣಲ್ಲ, ಅದಕ್ಕೆ ಬಿಳಿ ಹಿನ್ನೆಲೆ, ಗೆರೆ ಚಿತ್ರ ಇರೋವನ್ನ ಆರಿಸ್ಕೊಳಿ, ಬಣ್ಣ ಮಕ್ಕಳೇ ತುಂಬ್ತಾರೆ. ಡಿಟಿಪಿ ಅಂಗಡಿಯೋರಿಗೆ ಬುಕ್‌ಲೆಟ್ ಥರ ಎರಡೂ ಕಡೆ ಹಾಕಿ ಅಂದ್ರೆ ಎ4 ಹಾಳೆ ಮಡಚಿ ಮಧ್ಯೆ ಪಿನ್ ಹೊಡ್ದು ಕೊಡ್ತಾರೆ. ನಾನು ಅವನ್ನ ನಲಿಕಲಿ ಚಪ್ಪರದ (ಕ್ಲಾಸಲ್ಲಿ ತಲೆ ಮೇಲೆ ಅಡ್ಡಡ್ಡ ಕಟ್ಟಿರೋ) ದಾರಕ್ಕೇ ಮಕ್ಕಳ ಕೈಗೆ ಎಟುಕೋ ಹಾಗೆ ನೇತಾಕ್ತೀನಿ. ಹರೀತವೆ, ಹರೀಲಿ ಬಿಡಿ, ಬೀರುಲಿ ಬೀಗ ಹಾಕಿಟ್ರೆ ಯಾರಿಗೆ ಲಾಭ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮೀಟಿಂಗಲ್ಲಿ ಎರಡು ಮೂರು ಬುಕ್‌ಲೆಟ್ ತಗೊಂಡೋಗಿ ಮಕ್ಕಳ ಕೈಲೇ ಓದಿಸಿ, ಆಮೇಲೆ ಪ್ರಿಂಟಿಂಗ್ ಖರ್ಚು ಕೇಳಿ.

ಹಂಗೇ ನಿಮ್ಮ ಗ್ರಾಮ ಪಂಚಾಯ್ತಿ ಲೈಬ್ರರಿಗೆ ಒಂದ್ಸಲ ಹೋಗ್ಬನ್ನಿ, ಈಗ ಅರಿವು ಕೇಂದ್ರ ಅಂತಾರೆ. 2020ರ ನವೆಂಬರ್ 14ಕ್ಕೆ ಓದುವ ಬೆಳಕು ಅಂತ ಕಾರ್ಯಕ್ರಮ ಶುರು ಮಾಡಿ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಫ್ರೀ ಮೆಂಬರ್‌ಶಿಪ್ ಕೊಟ್ಟಿದಾರೆ. ಮಕ್ಕಳ ಹೆಸರು, ವಯಸ್ಸಿನ ಲಿಸ್ಟ್ ನೀವೇ ಬರ್ಕೊಂಡೋಗಿ ಎಲ್ರಿಗೂ ಒಟ್ಗೆ ಮಾಡಿಸ್ಬಿಡಿ, ಒಬ್ಬೊಬ್ರೇ ಹೋಗಿ ಮಾಡಿಸ್ಕೊಳಿ ಅಂದ್ರೆ ಅರ್ಧ ಜನ ಹೋಗೋದೇ ಇಲ್ಲ.